ಶಿಬಿರ ಮುಗಿದ ಮರುದಿನ

ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿ ಊರಿಗೆ ಮರಳಿದವನ ಎದುರಿಗೆ ಇರುವುದು ಹಳೆಯ ದಾರಿಯೇ. ಬಸ್ ಸ್ಟ್ಯಾಂಡಿನ ಪಕ್ಕದ ವೈನ್ ಶಾಪು ಅಲ್ಲೇ ಇದೆ. ಸಂಜೆ ಕೆಲಸ ಬಿಟ್ಟ ಮೇಲೆ ಜೊತೆಗೂಡುತ್ತಿದ್ದ ಗೆಳೆಯರೂ ಅಲ್ಲೇ ಇದ್ದಾರೆ. ಸಾಲ ತೀರಿಲ್ಲ. ಹೆಂಡತಿಗೆ ನಂಬಿಕೆ ಬಂದಿಲ್ಲ, ಎಂಟು ದಿನಕ್ಕೆ ಬರಬೇಕೆಂದು ಕೇಳುವುದೂ ತಪ್ಪು. ಕೈ ನಡುಕ ನಿಂತಿದೆ, ಊಟ ಸೇರುತ್ತಿದೆ, ರಾತ್ರಿ ಒಂದಿಷ್ಟು ನಿದ್ದೆ ಹತ್ತುತ್ತಿದೆ; ಬದಲಾಗಿರುವುದು ಅಷ್ಟೇ. ಮೈಯೊಳಗಿನ ಅಮಲು ಇಳಿಯಲು ವಾರ ಹತ್ತು ದಿನ ಸಾಕು. ಮನಸ್ಸು ಕುಡಿತವನ್ನು ಕೇಳುವುದನ್ನು ಬಿಡಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು. ಬಿಟ್ಟವರು ಮತ್ತೆ ಬೀಳುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಎಂಬುದನ್ನು ಈ ಕ್ಷೇತ್ರದಲ್ಲಿ ದುಡಿಯುವ ವೈದ್ಯರೂ ಕಾರ್ಯಕರ್ತರೂ ಚೆನ್ನಾಗಿ ಬಲ್ಲರು.

ಕುಡಿತ ಬಿಡಿಸುವುದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಗಿದೆ. ಬಿಟ್ಟವನು ಬಿಟ್ಟೇ ಇರುವುದು ಹೇಗೆ, ಅದಕ್ಕೆ ಯಾರು ಜೊತೆ ನಿಲ್ಲಬೇಕು ಎಂಬ ಮಾತು ಕಡಿಮೆ. ಜಗತ್ತಿನ ಅನುಭವವನ್ನೂ ಸಂಶೋಧನೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ವಾರಕ್ಕೊಮ್ಮೆ, ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ, ತನ್ನಂತೆಯೇ ಬಿದ್ದು ಎದ್ದ ನಾಲ್ಕು ಜನ ತನಗಾಗಿ ಕಾಯುತ್ತಿರುತ್ತಾರೆ ಎಂಬುದು ದೊಡ್ಡ ಔಷಧ. ಆ ನಾಲ್ಕು ಜನರಲ್ಲಿ ತಾನೂ ಒಬ್ಬನಾಗಿ ಇನ್ನೊಬ್ಬನಿಗಾಗಿ ಕಾಯುವುದು ಅದಕ್ಕಿಂತ ದೊಡ್ಡದು.

ಆಸ್ಪತ್ರೆಗಳೇ ಇದನ್ನೆಲ್ಲ ನೋಡಿಕೊಳ್ಳಲಿ ಎನ್ನುವಂತಿಲ್ಲ, ಲೆಕ್ಕವೇ ಕೂಡುವುದಿಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಕುಡಿತಕ್ಕೆ ದಾಸರಾದವರು ಸುಮಾರು 2.9 ಕೋಟಿ. ಇಂಥವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ನೆರವು ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿ ಬೇರೆಯಾದರೂ ಹೇಳಿದ್ದು ಇದೇ ದಿಕ್ಕಿನದು: ಮದ್ಯದ ಸಮಸ್ಯೆ ಇರುವವರಲ್ಲಿ ನೂರಕ್ಕೆ 86 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದಾರೆ. ನಾಳೆ ಬೆಳಿಗ್ಗೆ ಎಲ್ಲರೂ ಆಸ್ಪತ್ರೆಗೆ ಬರುತ್ತೇವೆಂದರೂ ಮಲಗಿಸಲು ಹಾಸಿಗೆ ಇಲ್ಲ, ನೋಡಲು ಮನೋವೈದ್ಯರಿಲ್ಲ.

ಕುಡುಕರೇ ಕುಡುಕರಿಗೆ ಆಸರೆಯಾಗುವ ಪ್ರಯತ್ನಕ್ಕೆ ಬಹಳ ಹಿಂದಿನ ಇತಿಹಾಸವಿದೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಆರು ಮಂದಿ ಗೆಳೆಯರು ಹೆಂಡದಂಗಡಿಯಲ್ಲೇ ಕೂತು ಇನ್ನು ಕುಡಿಯುವುದಿಲ್ಲವೆಂದು ಪಣ ತೊಟ್ಟರು. ತಮ್ಮ ದೇಶದ ಮೊದಲ ಅಧ್ಯಕ್ಷನ ಹೆಸರನ್ನು ಕೂಟಕ್ಕೆ ಇಟ್ಟುಕೊಂಡು ವಾಷಿಂಗ್ಟೋನಿಯನ್ನರು ಎನಿಸಿಕೊಂಡರು. ಸಭೆಗಳಲ್ಲಿ ಎದ್ದು ನಿಂತು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವ ಪದ್ಧತಿ ಕಾಡ್ಗಿಚ್ಚಿನಂತೆ ಹಬ್ಬಿ, ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಸಹಿ ಹಾಕಿದರು. 1842ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ ಈ ಕೂಟದ ಸಭೆಯಲ್ಲಿ ಭಾಷಣ ಮಾಡಿದ. ಆ ದಶಕ ಮುಗಿಯುವ ಹೊತ್ತಿಗೆ ಚಳವಳಿ ಹೆಚ್ಚುಕಡಿಮೆ ಅಳಿದೇ ಹೋಯಿತು. ಪಾನನಿಷೇಧದ ರಾಜಕೀಯ ಒಳಗೆ ಬಂತು, ಭಾಷಣಕಾರರು ದೊಡ್ಡವರಾದರು, ಕುಡಿತ ಬಿಟ್ಟವನು ಮರುದಿನದಿಂದ ಏನು ಮಾಡಬೇಕೆಂದು ಹೇಳುವವರು ಯಾರೂ ಇರಲಿಲ್ಲ.

ಸುಮಾರು ನೂರು ವರ್ಷದ ನಂತರ ಅದೇ ದೇಶದಲ್ಲಿ ಬೇರೆ ರೀತಿಯಲ್ಲಿ ಕೆಲಸ ಮೊದಲಾಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನ್ಯೂಯಾರ್ಕಿನ ಷೇರುಪೇಟೆಯಲ್ಲಿದ್ದ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟ. ಹೊರಬಂದವನೇ ಸಿಕ್ಕ ಸಿಕ್ಕ ಕುಡುಕರಿಗೆಲ್ಲ ಉಪದೇಶ ಮಾಡಲು ಹೊರಟ. ತಿಂಗಳುಗಟ್ಟಲೆ ಪಾಡುಪಟ್ಟರೂ ಒಬ್ಬನೂ ಬಿಡಲಿಲ್ಲ. ಆದರೆ ಅಷ್ಟೂ ಕಾಲ ಬಿಲ್ ಮಾತ್ರ ಕುಡಿದಿರಲಿಲ್ಲ, ಅದನ್ನು ಗಮನಿಸಿ ಅವನಿಗೆ ಹೇಳಿದವಳು ಹೆಂಡತಿ ಲೋಯಿಸ್. ಉಪದೇಶ ನಿಲ್ಲಿಸಿ ಕಾಯಿಲೆಯ ಬಗ್ಗೆ ಮಾತಾಡು ಎಂದು ತಿದ್ದಿದವರು ಅವನ ವೈದ್ಯ ಸಿಲ್ಕ್‌ವರ್ತ್. 1935ರ ಮೇ ತಿಂಗಳಲ್ಲಿ ಬಿಲ್ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿಗೆ ವ್ಯಾಪಾರದ ಕೆಲಸಕ್ಕೆ ಹೋದ. ಕೆಲಸ ಕೆಟ್ಟಿತು. ಕೈಯಲ್ಲಿ ಹಣವಿಲ್ಲ, ಪರವೂರು, ಹೋಟೆಲಿನ ಒಂದು ಮಗ್ಗುಲಲ್ಲಿ ಬಾರಿನ ಗಲಾಟೆ. ಇನ್ನೊಂದು ಮಗ್ಗುಲಲ್ಲಿ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಅವನು ಫೋನ್ ಹಿಡಿದು, ನನಗೆ ಮಾತಾಡಲು ಒಬ್ಬ ಕುಡುಕ ಬೇಕು ಎಂದು ಕೇಳತೊಡಗಿದ. ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ಮರುದಿನ ಅವನನ್ನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರಿಗೆ ಭೇಟಿ ಮಾಡಿಸಿದರು. ಕಾಲು ಗಂಟೆಗಿಂತ ಹೆಚ್ಚು ಕೂರುವುದಿಲ್ಲ ಎಂದು ಷರತ್ತು ಹಾಕಿಯೇ ಬಂದ ಡಾಕ್ಟರು ಕೂತದ್ದು ಆರು ಗಂಟೆ. ತನಗೆ ಬುದ್ಧಿ ಹೇಳಲು ಬರದೆ, ತನ್ನ ಜೀವ ಉಳಿಸಿಕೊಳ್ಳಲು ಬಂದ ಮನುಷ್ಯನನ್ನು ಅವರು ಅದೇ ಮೊದಲ ಸಲ ನೋಡಿದ್ದರು. ಜೂನ್ 10ರ ನಂತರ ಬಾಬ್ ಕುಡಿಯಲಿಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಆ ದಿನವನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. 1957ರಲ್ಲಿ ಮುಂಬೈಗೆ ಬಂದ ಅದು ಈಗ ಸುಮಾರು 180 ದೇಶಗಳಲ್ಲಿದೆ.

ವಾಷಿಂಗ್ಟೋನಿಯನ್ನರು ಎಡವಿದ ಜಾಗಗಳಲ್ಲಿ ಎ.ಎ. ಎಚ್ಚರ ವಹಿಸಿತು. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಪಾನನಿಷೇಧ ಬೇಕೇ ಬೇಡವೇ ಎಂಬ ಚರ್ಚೆಗೆ ಬಾಯಿ ಹಾಕುವುದಿಲ್ಲ. ಹೆಸರು ಹೊರಗೆ ಹೇಳುವುದಿಲ್ಲ. ಸದಸ್ಯನಾಗಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಶುಲ್ಕವಿಲ್ಲ, ಅರ್ಜಿಯಿಲ್ಲ.

ಸಭೆಯೊಂದನ್ನು ಹತ್ತಿರದಿಂದ ನೋಡೋಣ. ಬೆಂಗಳೂರೋ ಮಂಗಳೂರೋ, ಶಾಲೆಯ ಕೋಣೆ ಅಥವಾ ಚರ್ಚಿನ ಹಿಂದಿನ ಹಾಲು. ಸಂಜೆ ಏಳರ ಹೊತ್ತು, ಅಂದರೆ ಬಾರು ತುಂಬುವ ಹೊತ್ತೇ. ಮಕ್ಕಳು ಕೂರುವ ಬೆಂಚಿನ ಮೇಲೆ ಆಟೋ ಓಡಿಸುವವನು, ಬ್ಯಾಂಕಿನಿಂದ ನಿವೃತ್ತನಾದವನು, ಗಾರೆ ಕೆಲಸದವನು ಸಾಲಾಗಿ ಕೂತಿರುತ್ತಾರೆ. ಮುಂದೆ ಕೂತವನು ಇವತ್ತಿನ ಮಟ್ಟಿಗೆ ಅಧ್ಯಕ್ಷ, ಮುಂದಿನ ವಾರ ಬೇರೊಬ್ಬ. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ ‘ನಾನೊಬ್ಬ ಮದ್ಯವ್ಯಸನಿ’ ಎನ್ನುತ್ತಾರೆ. ಮಾತಾಡುವವನ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಬುದ್ಧಿಮಾತೂ ಇಲ್ಲ. ಮಗಳ ಮದುವೆಗಿಟ್ಟ ಬಂಗಾರ ಒಯ್ದು ಕುಡಿದದ್ದನ್ನು ಒಬ್ಬ ಹೇಳಿದರೆ ಕೇಳುವವರು ಬೆಚ್ಚುವುದಿಲ್ಲ, ಅವರಲ್ಲಿ ಇನ್ನಿಬ್ಬರು ಅದನ್ನೇ ಮಾಡಿದ್ದಾರೆ. ಹೊಸಬನಿಗೆ ಮೊದಲು ತಟ್ಟುವುದು ಇದು. ಮನೆಯಲ್ಲಿ, ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ತಿರುಗಿದವನಿಗೆ ನಾಚಿಕೆಯಿಲ್ಲದೆ ನಿಜ ಹೇಳಬಹುದಾದ ಜಾಗವೊಂದು ಸಿಗುತ್ತದೆ. ವರ್ಷ ತುಂಬಿದವನಿಗೆ ಪದಕ, ಚಪ್ಪಾಳೆ. ಕೊನೆಯಲ್ಲಿ ಡಬ್ಬಿ ಸುತ್ತುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹಾಲಿನ ಬಾಡಿಗೆಗೂ ಚಹಾಕ್ಕೂ ಅದರಿಂದಲೇ ಆಗಬೇಕು. ಹೊರಡುವ ಮುಂಚೆ ಹಳಬನೊಬ್ಬ ಹೊಸಬನ ಫೋನಿಗೆ ತನ್ನ ನಂಬರು ಹಾಕಿಕೊಡುತ್ತಾನೆ. ‘ಕುಡೀಬೇಕು ಅನ್ನಿಸಿದ್ರೆ ಕುಡಿಯೋಕೆ ಮೊದಲು ಮಾಡು, ಕುಡಿದ ಮೇಲಲ್ಲ’ ಎಂದು ಹೇಳುವುದು ರೂಢಿ.

ಆ ನಂಬರಿಗೆ ರಾತ್ರಿ ಹನ್ನೊಂದಕ್ಕೆ ಕರೆ ಬಂದರೆ ಇಬ್ಬರು ಉಳಿಯುತ್ತಾರೆ. ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲಿ ಇದನ್ನು ತತ್ವವಾಗಿಯೇ ಮಂಡಿಸಿದರು: ನೆರವು ಪಡೆದವನಿಗೆ ಆಗುವ ಲಾಭಕ್ಕಿಂತ ಕೊಟ್ಟವನಿಗೆ ಆಗುವ ಲಾಭ ಅನೇಕ ಸಲ ಹೆಚ್ಚು. ವರ್ಷಗಟ್ಟಲೆ ಮನೆಯವರಿಗೆ ಹೊರೆಯಾಗಿದ್ದೇನೆ ಎಂದುಕೊಂಡವನು ಮೊದಲ ಸಲ ಯಾರಿಗೋ ಬೇಕಾದವನಾಗುತ್ತಾನೆ.

ಇದೆಲ್ಲ ಭಾವನೆಯ ಮಾತು, ಪುರಾವೆ ಎಲ್ಲಿ ಎಂದು ಬಹಳ ಕಾಲ ವೈದ್ಯಲೋಕ ಕೇಳಿತು. ಕೇಳಬೇಕಾದ ಪ್ರಶ್ನೆಯೇ. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆ 27 ಅಧ್ಯಯನಗಳನ್ನು, 10,565 ಮಂದಿಯ ಮಾಹಿತಿಯನ್ನು ಒಟ್ಟು ಮಾಡಿ ತೂಗಿ ನೋಡಿತು. ಎ.ಎ. ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿಯದೆ ಉಳಿದವರು ನೂರಕ್ಕೆ 42. ಇತರ ಮನೋಚಿಕಿತ್ಸೆ ಪಡೆದವರಲ್ಲಿ 35. ಅಂತರ ಬೆರಗು ಹುಟ್ಟಿಸುವಷ್ಟಿಲ್ಲ. ಆದರೆ ತರಬೇತಿ ಪಡೆದ ಚಿಕಿತ್ಸಕರಿಗೆ ಸಮನಾಗಿ, ಒಂದು ಕೈ ಮೇಲಾಗಿ, ಕಾಸಿಲ್ಲದ ಕೂಟವೊಂದು ನಿಂತಿತು ಎಂಬುದು ಸಣ್ಣ ಸುದ್ದಿಯಲ್ಲ. ನೂರರಲ್ಲಿ 58 ಮಂದಿ ವರ್ಷದೊಳಗೆ ಮತ್ತೆ ಗ್ಲಾಸು ಹಿಡಿದರು ಎಂಬುದನ್ನೂ ಮರೆಯಬಾರದು. ಒಮ್ಮೆ ಬಿದ್ದವನನ್ನು ಕೈಬಿಡದ ವ್ಯವಸ್ಥೆ ಬೇಕಾಗುವುದು ಅದಕ್ಕೇ.

ಸಭೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹಾರ್ವರ್ಡಿನ ಜಾನ್ ಕೆಲ್ಲಿ ವರ್ಷಗಳಿಂದ ಅಭ್ಯಸಿಸಿದ್ದಾರೆ. ದೇವರ ನಂಬಿಕೆಗಿಂತ ಹೆಚ್ಚಾಗಿ ಒಡನಾಟ ಬದಲಾಗುವುದರಿಂದ ಗುಣ ಕಾಣುತ್ತದೆ ಎಂಬುದು ಅವರ ಮುಖ್ಯ ಶೋಧ. ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದ ಗೆಳೆಯರು ಹೆಚ್ಚಾಗುತ್ತಾರೆ. ಮಾರ್ಕ್ ಲಿಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬನ ಬಳಗಕ್ಕೆ ಕುಡಿಯದ ಒಬ್ಬನೇ ಒಬ್ಬ ಹೊಸದಾಗಿ ಸೇರಿದರೂ ಮುಂದಿನ ವರ್ಷ ಕುಡಿಯದೆ ಇರುವ ಸಂಭವ ಶೇ. 27ರಷ್ಟು ಹೆಚ್ಚಿತ್ತು. ನಮ್ಮ ಊರುಗಳಲ್ಲಿ ಇದರ ಅರ್ಥ ಇನ್ನೂ ಗಾಢ. ಬಟವಾಡೆಯ ದಿನ, ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಚುನಾವಣೆ, ಸಾವಿನ ಮನೆ, ಎಲ್ಲೆಡೆ ಗಂಡಸರ ಗುಂಪು ಕೂಡುವುದು ಬಾಟಲಿಯ ಸುತ್ತ. ಕುಡಿತ ಬಿಟ್ಟವನು ಬಾಟಲಿಯ ಜೊತೆಗೆ ತನ್ನ ಬಳಗವನ್ನೂ ಬಿಡಬೇಕಾಗುತ್ತದೆ. ಆ ಖಾಲಿ ಜಾಗಕ್ಕೆ ಬೇರೊಂದು ಬಳಗ ಬಾರದಿದ್ದರೆ ಒಂಟಿತನವೇ ಅವನನ್ನು ಹಿಂದಕ್ಕೆ ಎಳೆದು ತರುತ್ತದೆ.

ಭಾರತದಲ್ಲಿ ಈ ಕೆಲಸ ತನ್ನದೇ ರೂಪ ಪಡೆಯಿತು. ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಆ ಪತಿಯ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. ಆಸ್ಪತ್ರೆಗೆ ಬರಲಾಗದವರಿಗಾಗಿ ತಮಿಳುನಾಡಿನ ಮಂಜಕ್ಕುಡಿಯಂಥ ಹಳ್ಳಿಗೇ ಚಿಕಿತ್ಸೆಯನ್ನು ಒಯ್ದು, ಊರವರ ಉಸ್ತುವಾರಿಯಲ್ಲಿ ಶಿಬಿರ ನಡೆಸುವ ಮಾದರಿಯನ್ನು ಆ ಸಂಸ್ಥೆ ರೂಢಿಸಿತು. ಪುಣೆಯಲ್ಲಿ 1986ರಲ್ಲಿ ಅನಿಲ್ ಅವಚಟ್ ಮತ್ತು ಡಾ. ಸುನಂದಾ ಅವಚಟ್ ದಂಪತಿ, ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರ ನೆರವಿನಿಂದ ಮುಕ್ತಾಂಗಣ ಆರಂಭಿಸಿದರು. ಬ್ರೌನ್ ಶುಗರ್ ಪಿಡುಗಿನ ಕಾಲ ಅದು. ಅಲ್ಲಿ ಗುಣವಾದವರೇ ಮುಂದೆ ಅಲ್ಲಿನ ಕೆಲಸಗಾರರಾದರು, ಸಲಹೆಗಾರರಾದರು.

ಕರ್ನಾಟಕದ ಹಳ್ಳಿಗಳಲ್ಲಿ ಈ ಮಾತು ಬಂದರೆ ಜನ ಮೊದಲು ನೆನೆಯುವುದು ಧರ್ಮಸ್ಥಳದ ಶಿಬಿರಗಳನ್ನು. ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಜನಜಾಗೃತಿ ವೇದಿಕೆ, ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಇದುವರೆಗೆ ರಾಜ್ಯದ ಉದ್ದಗಲಕ್ಕೆ ಸಾವಿರಕ್ಕೂ ಹೆಚ್ಚು ಶಿಬಿರ ನಡೆಸಿದೆ. ಊರಿನ ಕಲ್ಯಾಣ ಮಂಟಪವೋ ಸಭಾಭವನವೋ ಎಂಟು ದಿನಕ್ಕೆ ಶಿಬಿರವಾಗುತ್ತದೆ. ಸ್ಥಳೀಯರದೇ ಸಮಿತಿ, ಅಕ್ಕಿ ಬೇಳೆ ತರಕಾರಿ ಊರವರ ಕೊಡುಗೆ. ಶಿಬಿರಾಧಿಕಾರಿ, ಆರೋಗ್ಯ ಸಹಾಯಕಿ ಇರುತ್ತಾರೆ. ಯೋಗ, ಭಜನೆ, ಆಪ್ತಸಲಹೆ, ಮನೆಯವರನ್ನು ಕರೆಸಿ ಎದುರುಬದುರು ಕೂರಿಸುವ ದಿನ. ಈ ಶಿಬಿರಗಳ ನಿಜವಾದ ಜಾಣ್ಮೆ ಇರುವುದು ಇದಾದ ಮೇಲೆ. ಹೊರಬಂದವರನ್ನು ನವಜೀವನ ಸಮಿತಿ ಎಂಬ ಚಿಕ್ಕ ಗುಂಪುಗಳಾಗಿ ಕೂಡಿಸುತ್ತಾರೆ, ನೂರು ದಿನ ತುಂಬಿದವರಿಗೆ ಶತದಿನೋತ್ಸವ ಮಾಡುತ್ತಾರೆ. ಆ ಮೊದಲ ಮೂರು ತಿಂಗಳ ಅಪಾಯವನ್ನು ಯಾರೋ ಸರಿಯಾಗಿ ಲೆಕ್ಕ ಹಾಕಿದ್ದಾರೆ. ನನ್ನ ತಕರಾರು ಒಂದಿದೆ. ಶಿಬಿರ ನಡೆಸಲು ಊರು ತೋರಿಸುವ ಹುಮ್ಮಸ್ಸಿನ ಕಾಲುಭಾಗವನ್ನೂ ಆ ಸಮಿತಿಗಳಿಗೆ ತೋರಿಸುವುದಿಲ್ಲ. ಸಮಾರೋಪಕ್ಕೆ ಶಾಮಿಯಾನ, ಹಾರ, ಗಣ್ಯರು, ಪತ್ರಿಕೆಯಲ್ಲಿ ಫೋಟೊ. ಏಳನೆಯ ವಾರದ ಸಮಿತಿ ಸಭೆಗೆ ಎಂಟು ಜನ ಬರಬೇಕಾದಲ್ಲಿ ಮೂವರು ಬಂದರೆ ಉಳಿದ ಐವರ ಮನೆ ಬಾಗಿಲಿಗೆ ಹೋಗಿ ಕರೆಯುವ ಮನುಷ್ಯ ಬೇಕು. ಅವನಿಗೊಂದು ಬೈಕು, ಪೆಟ್ರೋಲು, ತಿಂಗಳಿಗಿಷ್ಟು ಗೌರವಧನ ಬೇಕು. ದಾನಿಗಳು ವಹಿಸಿಕೊಳ್ಳಬೇಕಾದ ಖರ್ಚು ಅದು. ನಿಮ್ಹಾನ್ಸ್‌ನ ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಬೆಂಗಳೂರಿನ ಬಡ ಬಡಾವಣೆಗಳವರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೂ ಇದಕ್ಕೆ ಬೆಂಬಲ ಕೊಡುತ್ತದೆ: ಆಸ್ಪತ್ರೆಯಿಂದ ಹೋದ ಮೇಲೆ ಅವರಿದ್ದಲ್ಲಿಗೇ ಹೋಗಿ ವಿಚಾರಿಸುವ ಏರ್ಪಾಡಿದ್ದವರು, ಇಲ್ಲದವರಿಗಿಂತ ಚೆನ್ನಾಗಿ ಉಳಿದುಕೊಂಡರು.

ಕೂಟದ ಗುಣ ಹಾಡುವಾಗ ಅದರಿಂದ ಆಗದ್ದನ್ನೂ ಗಟ್ಟಿಯಾಗಿ ಹೇಳಬೇಕು. ದಿನವೂ ವಿಪರೀತ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನ ಬುದ್ಧಿಭ್ರಮಣೆಯಾಗಿ ಇಲ್ಲದ್ದು ಕಾಣಿಸಬಹುದು, ಜೀವವೇ ಹೋಗಬಹುದು. ಇದಕ್ಕೆ ಔಷಧಿ ಇದೆ, ಬಿ1 ವಿಟಮಿನ್ ಇಂಜೆಕ್ಷನ್ ಇದೆ, ವೈದ್ಯರು ಬೇಕೇ ಬೇಕು. ಭಜನೆಯಾಗಲಿ ಗೆಳೆಯರಾಗಲಿ ಆ ಮೂರು ದಿನವನ್ನು ದಾಟಿಸಲಾರರು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವನಿಗೆ ಅದೂ ಒಂದು ಚಟವೇ ಎಂದು ಕೆಲವು ಗುಂಪುಗಳಲ್ಲಿ ಹಳಬರು ಹೇಳುವುದುಂಟು. ಅದು ಅಪಾಯದ ಮಾತು, ಹೇಳಿದವರು ಎಷ್ಟು ವರ್ಷ ಕುಡಿಯದೆ ಇದ್ದವರಾದರೂ ಸರಿ. ಮೇಲಿನ ಶಕ್ತಿಯನ್ನು ನಂಬಲಾಗದವರಿಗೆ, ಆ ನಂಬಿಕೆಯ ಮೇಲೆ ನಿಂತ ಎ.ಎ. ಕ್ರಮ ಒಗ್ಗದೆ ಹೋಗಬಹುದು. ಅಂಥವರಿಗಾಗಿ 1994ರಿಂದ ಸ್ಮಾರ್ಟ್ ರಿಕವರಿ ಎಂಬ ಬೇರೆ ದಾರಿಯಿದೆ. ಇನ್ನು ವ್ಯಸನಮುಕ್ತಿ ಕೇಂದ್ರವೆಂದು ಬೋರ್ಡು ಹಾಕಿ ಬೀಗ ಜಡಿದು ಬಡಿಯುವ ಜಾಗಗಳಿಗೂ ಪರಸ್ಪರ ಆಸರೆಗೂ ಯಾವ ಸಂಬಂಧವೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನಿಗೂ ಘನತೆಯ ಚಿಕಿತ್ಸೆಯ ಹಕ್ಕು ಕೊಟ್ಟಿದೆ.

ಆಸರೆ ಕೊಡುವವರೆಲ್ಲ ಹಳೆಯ ಕುಡುಕರೇ ಆಗಬೇಕೆಂದೂ ಇಲ್ಲ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿತು. ಕುಡಿತ ಮಿತಿ ಮೀರುತ್ತಿದ್ದ, ಇನ್ನೂ ಪೂರ್ತಿ ದಾಸರಾಗದ ಗಂಡಸರು ಅವರ ಮುಂದಿದ್ದವರು. ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಗೆರೆಯಿಂದ ಹಿಂದೆ ಬಂದರು, ಆ ಸಲಹೆ ಸಿಗದವರಲ್ಲಿ 26 ಎಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು.

ಹೆಂಗಸರ ವಿಷಯಕ್ಕೆ ಬಂದರೆ ನಮ್ಮ ಲೋಪ ದೊಡ್ಡದು. ಕುಡುಕನ ಹೆಂಡತಿಯ ನೋವು ಬೀದಿಗೆ ಬಂದಾಗಲೆಲ್ಲ ಚಳವಳಿಯಾಗಿದೆ. 1992ರಲ್ಲಿ ನೆಲ್ಲೂರಿನ ದೂಬಗುಂಟದಿಂದ ಎದ್ದ ಸಾರಾಯಿ ವಿರೋಧಿ ಹೋರಾಟ ಆಂಧ್ರದ ಸರ್ಕಾರವನ್ನೇ ಮಣಿಸಿತು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು, 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಕೋಪ ನ್ಯಾಯವಾದದ್ದು. ಆದರೆ ಚಳವಳಿ ಮುಗಿಸಿ ಮನೆಗೆ ಹೋದ ಹೆಣ್ಣಿಗೆ, ರಾತ್ರಿ ಗಂಡ ಬಾಗಿಲು ಬಡಿದಾಗ ಏನು ಮಾಡಬೇಕೆಂದು ಹೇಳಿಕೊಳ್ಳಲು ಇನ್ನೊಂದು ಜಾಗ ಬೇಕು. ಮನೆಯವರ ಕೂಟವಾದ ಅಲ್-ಅನಾನ್ 1951ರಲ್ಲಿ ಹುಟ್ಟಿದ್ದು ಇದಕ್ಕಾಗಿ, ಅದರ ಹಿಂದಿದ್ದವಳು ಬಿಲ್ ವಿಲ್ಸನ್‌ನ ಹೆಂಡತಿ, ಅದೇ ಲೋಯಿಸ್. ಗಂಡನ ಕುಡಿತಕ್ಕೆ ನಾನು ಕಾರಣಳಲ್ಲ, ಅದನ್ನು ಬಿಡಿಸುವುದೂ ನನ್ನ ಕೈಯಲ್ಲಿಲ್ಲ ಎಂದು ಒಬ್ಬ ಹೆಣ್ಣಿಗೆ ಮನದಟ್ಟಾದರೆ ಹೆಗಲ ಮೇಲಿನ ಅರ್ಧ ಭಾರ ಇಳಿಯುತ್ತದೆ. ಹಳ್ಳಿಹಳ್ಳಿಯಲ್ಲೂ ವಾರಕ್ಕೊಮ್ಮೆ ಕೂಡುವ ಸ್ವಸಹಾಯ ಸಂಘಗಳು ನಮ್ಮಲ್ಲಿವೆ. ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಅರ್ಧ ಗಂಟೆ ಇದಕ್ಕೆ ಸಿಕ್ಕರೆ ಹೊಸ ಸಂಘವನ್ನೇ ಕಟ್ಟಬೇಕಿಲ್ಲ. ತಾನೇ ಕುಡಿಯುವ ಹೆಣ್ಣಿನ ಪಾಡು ಇನ್ನೂ ಕಷ್ಟ. ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6 ಮಂದಿ ಮದ್ಯ ಸೇವಿಸುತ್ತಾರೆ. ಸಂಖ್ಯೆ ಚಿಕ್ಕದೆಂದು ಶಿಬಿರಗಳು ಬಹುಪಾಲು ಗಂಡಸರವೇ ಆಗಿ ಉಳಿದಿವೆ. ಹೆಂಗಸರೇ ಇರುವ, ಹಗಲು ಹೊತ್ತಿನಲ್ಲಿ ನಡೆಯುವ, ಮಗುವನ್ನು ಜೊತೆಗೆ ಕರೆತರಬಹುದಾದ ಸಭೆ ಜಿಲ್ಲೆಗೊಂದಾದರೂ ಬೇಕು.

ಸರ್ಕಾರಿ ವ್ಯವಸ್ಥೆಗೂ ಕೂಟಕ್ಕೂ ನಡುವೆ ಸೇತುವೆ ಇಲ್ಲದಿರುವುದು ಉಳಿದ ತೊಡಕು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416 ಇದೆ, ಎರಡೂ ಉಚಿತ. ಚೀಟಿ ಬರೆದು ಮಾತ್ರೆ ಕೊಟ್ಟ ಮೇಲೆ ‘ಹತ್ತಿರ ಎಲ್ಲಾದರೂ ಗುಂಪು ಇದ್ದರೆ ಹೋಗಿ’ ಎಂದು ಹೇಳಿ ಕಳಿಸಿದರೆ ಯಾರೂ ಹೋಗುವುದಿಲ್ಲ. ಇದನ್ನು 1981ರಲ್ಲೇ ಅಮೆರಿಕದ ಸಿಸನ್ ಮತ್ತು ಮಾಲಮ್ಸ್ ಪರೀಕ್ಷಿಸಿ ನೋಡಿದ್ದರು. ಇಪ್ಪತ್ತು ರೋಗಿಗಳಲ್ಲಿ ಅರ್ಧ ಜನಕ್ಕೆ ಸಭೆಯ ವಿಳಾಸ, ಸಮಯ ತಿಳಿಸಿ ಹೋಗಿ ಎಂದರು. ಉಳಿದ ಅರ್ಧ ಜನರ ಎದುರಿನಲ್ಲೇ ಎ.ಎ. ಸದಸ್ಯನೊಬ್ಬನಿಗೆ ಫೋನ್ ಮಾಡಿ ಮಾತಾಡಿಸಿದರು. ಆ ಸದಸ್ಯ ತಾನೇ ಜೊತೆಯಲ್ಲಿ ಕರೆದುಕೊಂಡು ಹೋಗುವುದಾಗಿ ಒಪ್ಪಿಕೊಂಡ. ಎರಡನೆಯ ಗುಂಪಿನವರೆಲ್ಲರೂ ಸಭೆಗೆ ಹೋದರು, ಮೊದಲನೆಯ ಗುಂಪಿನಿಂದ ಒಬ್ಬನೂ ಹೋಗಲಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರ ಮೇಜಿನ ಮೇಲೆ, ಆ ಊರಿನಲ್ಲಿ ಕುಡಿತ ಬಿಟ್ಟು ವರ್ಷ ಕಳೆದ, ಬರಲು ಒಪ್ಪಿದ ನಾಲ್ಕೈದು ಮಂದಿಯ ನಂಬರು ಇರಲಿ. ಮಂಗಳವಾರ ಹೊಸಬನೊಬ್ಬ ಬಂದರೆ, ಅವನು ಕುರ್ಚಿಯಿಂದ ಏಳುವ ಮೊದಲೇ ಅವರಲ್ಲೊಬ್ಬರಿಗೆ ಫೋನ್ ಹೋಗಲಿ.